ಎರಡು ಜರ್ಮನಿಗಳ ಒಂದು ಚಿತ್ರ

ಧಾರವಾಡದ ನಮ್ಮ ಮನೆಯಲ್ಲಿ ಎರಡೂ ಜರ್ಮನಿಗಳು ಕೂಡಿ ಬಾಳಿದ್ದವು ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಆದರೆ ಅದು ನಿಜ. ತಂದೆಯವರು ಯಾರಿಂದಲೋ ಹಳೆಯದಾಗಿ ಕೊಂಡಿದ್ದ ಆಗ್ಫಾ ಐಸೋಲೆಟ್ 2 ಕ್ಯಾಮೆರಾ ಪಶ್ಚಿಮ ಜರ್ಮನಿಯ ಮ್ಯೂನಿಕ್‌ನದು. ಅದರೊಳಗಿನ ಓರ್ವೋ ಫಿಲ್ಮು ಪೂರ್ವ ಜರ್ಮನಿಯ ವೋಲ್ಫೆನ್‌ನದು.

ಮೂಲದಲ್ಲಿ ಇವೆರಡೂ ಒಂದೇ ಮನೆತನದವು. ಆಗ್ಫಾ ಸಂಸ್ಥೆಯ ಫಿಲ್ಮು ವೋಲ್ಫೆನ್‌ನಲ್ಲಿಯೂ ಕ್ಯಾಮೆರಾ ಮ್ಯೂನಿಕ್‌ನಲ್ಲಿಯೂ ತಯಾರಾಗುತ್ತಿದ್ದವು. 1945ರ ಸೋಲಿನ ನಂತರ ವೋಲ್ಫೆನ್ ಸೋವಿಯತ್ ವಲಯಕ್ಕೂ ಮ್ಯೂನಿಕ್ ಅಮೆರಿಕದ ವಲಯಕ್ಕೂ ಸೇರಿ, ಅಣ್ಣತಮ್ಮಂದಿರ ಹಿಸೆಯಾದಂತಾಯಿತು. 1964ರಲ್ಲಿ ವೋಲ್ಫೆನ್‌ನವರು ತಮ್ಮ ಸರಕಿಗೆ ‘ಓರ್ವೋ’ ಎಂಬ ಹೊಸ ಹೆಸರನ್ನಿಟ್ಟರು. ವಿದೇಶಿ ವಿನಿಮಯದ ಅಭಾವವಿದ್ದ ನಮ್ಮ ದೇಶಕ್ಕೆ ಪೂರ್ವ ಜರ್ಮನಿಯೊಡನೆ ರೂಪಾಯಿಯಲ್ಲೇ ವ್ಯಾಪಾರ ಸಾಧ್ಯವಿದ್ದುದರಿಂದ, ಆ ಫಿಲ್ಮು ಇಲ್ಲಿ ಸುಲಭವಾಗಿ ದೊರೆಯುತ್ತಿತ್ತು.

ಐಸೋಲೆಟ್ 1950ರ ದಶಕದ ಮಧ್ಯಮ ದರ್ಜೆಯ ಕ್ಯಾಮೆರಾ. ಮುಚ್ಚಳ ತೆರೆದರೆ ಮಡಿಕೆ ಮಡಿಕೆಯಾದ ಕಪ್ಪು ತಿದಿ ಮುಂದಕ್ಕೆ ಚಾಚುತ್ತಿತ್ತು. ದೂರವನ್ನು ಕಣ್ಣಳತೆಯಲ್ಲಿಯೇ ಅಂದಾಜಿಸಬೇಕು. 120 ಫಿಲ್ಮಿನ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಹಿಂಬದಿಯ ಪುಟ್ಟ ಕೆಂಪು ಕಿಟಕಿಯಲ್ಲಿ ಅಂಕಿ ಕಾಣುವವರೆಗೆ ಸುರುಳಿಯನ್ನು ತಿರುಗಿಸಬೇಕು. ಆ ಕೆಲಸ ನನ್ನದಾಗಿತ್ತು.

1968ರ ಬೇಸಿಗೆಯಲ್ಲಿ, ಸಾಧನಕೇರಿಯ ದಂಡೆಯಲ್ಲಿ, ಹಟ ಮಾಡಿ ಅಜ್ಜಿಯನ್ನು ನಿಲ್ಲಿಸಿ ಒಂದು ಚಿತ್ರ ತೆಗೆದೆವು. ಹುಬ್ಬಳ್ಳಿಯ ಸ್ಟುಡಿಯೋದಿಂದ ಬಂದ ಪ್ರತಿಯಲ್ಲಿ ಬೆಳಕಿನ ಕಲೆಯೊಂದು ಆಕೆಯ ಮುಖವನ್ನು ಅರ್ಧ ನುಂಗಿತ್ತು. “ಪೂರ್ವದ ಅಗ್ಗದ ಮಾಲು” ಎಂದು ತಂದೆಯವರು ಫಿಲ್ಮನ್ನು ಹಳಿದರು. ಅದನ್ನು ಮಾರಿ, ತೊಳೆದುಕೊಟ್ಟ ಸ್ಟುಡಿಯೋದವರನ್ನು ನಾಲ್ಕು ಜನರೆದುರು ಕಟುವಾಗಿ ನಿಂದಿಸಿದರು. ಅವರು ಎದುರಾಡದೆ ಹಣ ಮರಳಿಸಿದರು. ನಾವು ಮತ್ತೆ ಅಲ್ಲಿಗೆ ಹೋಗಲಿಲ್ಲ. ಮರುವರ್ಷ ಅಜ್ಜಿ ತೀರಿಕೊಂಡಳು. ಬೇರೆ ಚಿತ್ರವಿಲ್ಲ.

ನಾನು ಶಿಕ್ಷಕನಾದ ಮೇಲೆ ಛಾಯಾಗ್ರಹಣದ ಪುಸ್ತಕವೊಂದನ್ನು ಓದುವಾಗ ಸತ್ಯ ತಿಳಿಯಿತು. ಕೆಂಪು ಗಾಜಿನ ಕಿಟಕಿಯು, ಕೆಂಪು ಬೆಳಕು ತಾಕದ ಹಳೆಯ ಫಿಲ್ಮುಗಳಿಗೆ ಮಾಡಿದ ಏರ್ಪಾಡು. ನಾವು ಬಳಸುತ್ತಿದ್ದ ಎನ್.ಪಿ. 20 ಎಲ್ಲ ಬಣ್ಣದ ಬೆಳಕನ್ನೂ ಗ್ರಹಿಸುವಂಥದು; ಅದನ್ನು ನೆರಳಿನಲ್ಲಿ ತಿರುಗಿಸಬೇಕಿತ್ತು. ನಾನು ಅಂಕಿ ಸ್ಪಷ್ಟವಾಗಿ ಕಾಣಲೆಂದು ಕಿಟಕಿಯನ್ನು ಉರಿಬಿಸಿಲಿಗೆ ಒಡ್ಡಿ ನಿಂತಿದ್ದೆ. ತಪ್ಪು ಪೂರ್ವದ್ದೂ ಅಲ್ಲ, ಪಶ್ಚಿಮದ್ದೂ ಅಲ್ಲ, ಸ್ಟುಡಿಯೋದವರದೂ ಅಲ್ಲ.

ಆ ವೇಳೆಗೆ ಸ್ಟುಡಿಯೋ ಮುಚ್ಚಿತ್ತು, ತಂದೆಯವರೂ ಇರಲಿಲ್ಲ. 1990ರಲ್ಲಿ ಎರಡು ಜರ್ಮನಿಗಳೂ ಒಂದಾದವು. ಆ ಸ್ಟುಡಿಯೋದವರಿಗೆ ನಾನು ಹೇಳಬೇಕಾಗಿದ್ದ ಮಾತು ಮಾತ್ರ ಹಾಗೆಯೇ ಉಳಿದಿತ್ತು. ಅವರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಕ್ಷಮಿಸಿರಿ.