ಒಂದು ಹಾಡು, ಎರಡು ಮೇಳ

ಹಾಡು ಯಾರದು? ಕಟ್ಟಿದವರದೋ, ಹಾಡಿದವರದೋ, ಮಾರಿದವರದೋ? ಈ ಪ್ರಶ್ನೆಯನ್ನು ವಿವೇಚಿಸಲು ಅಮೆರಿಕದ ಜನಪ್ರಿಯ ಗೀತೆಗಳ ಚರಿತ್ರೆಯಲ್ಲಿ ೧೯೫೪ರ ‘ಶ್-ಬೂಮ್’ ಒಳ್ಳೆಯ ನಿದರ್ಶನವಾಗಿದೆ.

ಅದನ್ನು ಕಟ್ಟಿದವರು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ‘ಕಾರ್ಡ್ಸ್’ ಮೇಳದ ಐವರು ಕಪ್ಪು ಜನಾಂಗದ ತರುಣರು. ಅಟ್ಲಾಂಟಿಕ್ ಸಂಸ್ಥೆಯ ಅಂಗವಾದ ‘ಕ್ಯಾಟ್’ ಅವರ ತಟ್ಟೆಯನ್ನು ಹೊರತಂದಿತು. ಮುಂಬದಿಗೆ ಹಾಕಿದ್ದು ಶ್ವೇತ ಗಾಯಕಿ ಪ್ಯಾಟಿ ಪೇಜ್ ಆಗಲೇ ಪ್ರಸಿದ್ಧಿಗೆ ತಂದಿದ್ದ ಹಾಡು. ಅವರ ಸ್ವಂತ ಹಾಡಿಗೆ ದೊರೆತದ್ದು ಹಿಂಬದಿ. ಕೇಳುಗರು ಹಿಂಬದಿಯನ್ನೇ ಮೆಚ್ಚಿದರು. ಹಾಡು ಸರ್ವಸಾಮಾನ್ಯ ಪಟ್ಟಿಯ ಮೊದಲ ಹತ್ತರೊಳಗೂ ಬಂದಿತು. ಅಷ್ಟರಲ್ಲಿ ಕೆನಡಾದ ಟೊರಾಂಟೊ ನಗರದ ‘ಕ್ರೂ ಕಟ್ಸ್’ ಎಂಬ ನಾಲ್ವರು ಶ್ವೇತ ಗಾಯಕರು ಮರ್ಕ್ಯುರಿ ಸಂಸ್ಥೆಗಾಗಿ ಅದನ್ನೇ ಹಾಡಿದರು. ಆಗಸ್ಟ್ ತಿಂಗಳಲ್ಲಿ ಅವರ ತಟ್ಟೆ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿ ವಾರಗಟ್ಟಲೆ ನಿಂತಿತು.

ಇದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಅಮೆರಿಕದ ೧೯೦೯ರ ಕೃತಿಸ್ವಾಮ್ಯ ಶಾಸನದಂತೆ, ಹಕ್ಕುದಾರನು ಒಮ್ಮೆ ಧ್ವನಿಮುದ್ರಣಕ್ಕೆ ಒಪ್ಪಿದ ಮೇಲೆ ಬೇರೆ ಯಾರಾದರೂ ತಟ್ಟೆಯೊಂದಕ್ಕೆ ೨ ಸೆಂಟು ತೆತ್ತು ಅದೇ ಹಾಡನ್ನು ಹೊರತರಬಹುದಿತ್ತು. ಆ ಹಣ ಸಲ್ಲುತ್ತಿದ್ದುದು ರಚನೆಯ ಹಕ್ಕುದಾರರಿಗೆ. ಹಾಡಿದ ಕಂಠಕ್ಕಾಗಲಿ, ಹಾಡಿದ ಬಗೆಗಾಗಲಿ ಆ ಶಾಸನದಲ್ಲಿ ರಕ್ಷಣೆಯಿರಲಿಲ್ಲ. ತನ್ನ ತಟ್ಟೆಯೊಂದರ ಗಾಯನಕ್ರಮವನ್ನು ಡೆಕ್ಕಾ ಅನುಕರಿಸಿತೆಂದು ದಾವೆ ಹೂಡಿದ ‘ಸುಪ್ರೀಮ್’ ಸಂಸ್ಥೆ ೧೯೫೦ರಲ್ಲಿ ಸೋತಿತ್ತು. ೧೯೫೫ರಲ್ಲಿ ಕಪ್ಪು ಜನಾಂಗದ ಗಾಯಕಿ ಲವರ್ನ್ ಬೇಕರ್ ಇಂಥದೇ ಅನುಕರಣೆಯನ್ನು ಕುರಿತು ಕಾಂಗ್ರೆಸ್ ಸದಸ್ಯ ಚಾರ್ಲ್ಸ್ ಡಿಗ್ಸ್ ಅವರಿಗೆ ದೂರಿತ್ತರೂ ಕಾನೂನು ಬದಲಾಗಲಿಲ್ಲ. ೧೯೭೨ರಿಂದ ಹೊಸ ಧ್ವನಿಮುದ್ರಿಕೆಗಳನ್ನು ನಕಲು ಮಾಡುವುದಕ್ಕೆ ಕೇಂದ್ರ ಶಾಸನವು ತಡೆಯೊಡ್ಡಿತು. ಆದರೆ ಬೇರೆಯಾಗಿ ಹಾಡಿ ಅನುಕರಿಸುವುದಕ್ಕೆ ಆ ತಡೆ ಇಂದಿಗೂ ಅನ್ವಯಿಸುವುದಿಲ್ಲ.

ಪರರ ಹಾಡನ್ನು ಹಾಡುವುದೇ ತಪ್ಪೆಂದು ನಾವು ಹೇಳಲಾರೆವು. ಕಾರ್ಡ್ಸ್ ಮೇಳವೂ ಪ್ಯಾಟಿ ಪೇಜಳ ಹಾಡನ್ನು ಹಾಡಿತ್ತಷ್ಟೆ. ಆದರೆ ಸ್ಪರ್ಧೆ ಸಮಬಲರದಾಗಿರಲಿಲ್ಲ. ಸಂಗೀತದ ಪಟ್ಟಿಗಳೂ ಪೇಟೆಯೂ ವರ್ಣಕ್ಕನುಸಾರವಾಗಿ ಬೇರ್ಪಟ್ಟಿದ್ದ ನಾಡಿನಲ್ಲಿ, ದೊಡ್ಡ ಸಂಸ್ಥೆಯ ಶ್ವೇತ ಗಾಯಕರಿಗೆ ತೆರೆಯುತ್ತಿದ್ದ ಬಾಗಿಲುಗಳು ಮೂಲ ಗಾಯಕರಿಗೆ ಅಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ. ಸಾಲದುದಕ್ಕೆ, ಅದೇ ಹೆಸರಿನ ಇನ್ನೊಂದು ಮೇಳವಿದ್ದುದರಿಂದ ಕಾರ್ಡ್ಸ್ ತಮ್ಮ ಹೆಸರನ್ನೂ ಬದಲಿಸಿಕೊಳ್ಳಬೇಕಾಯಿತು.

ಆದುದರಿಂದ ಹಾಡಿನ ಚರಿತ್ರೆ ಬರೆಯುವವರು ಮಾರಾಟದ ಪಟ್ಟಿಯೊಂದನ್ನೇ ನೆಚ್ಚಬಾರದು. ಯಾರ ತಟ್ಟೆ ಹೆಚ್ಚು ಮಾರಿತೆಂಬುದನ್ನು ಪಟ್ಟಿ ಹೇಳೀತು; ಹಾಡು ಮೊದಲು ಯಾರ ಬಾಯಲ್ಲಿ ಹುಟ್ಟಿತೆಂಬುದನ್ನು ಹೇಳದು. ಅದನ್ನು ಅರಸಿ ಹೆಸರು ಹಿಡಿದು ದಾಖಲಿಸುವುದು ಅಧ್ಯಾಪಕರೂ ಸಂಶೋಧಕರೂ ಆದ ನಮ್ಮೆಲ್ಲರ ಹೊಣೆ.