ತಂತಿಯಿಂದ ಫೈಬರಿನವರೆಗೆ: ನಮ್ಮ ನಾಡಿನಲ್ಲಿ ನೆಟ್‌ವರ್ಕ್ ಕಸುಬಿನ ಕಥೆ

ಎಸ್‌ಎಸ್‌ಎಲ್‌ಸಿ, ಪ್ಲಸ್ ಟು ಫಲಿತಾಂಶ ಬಂದು ಅರ್ಜಿ ತುಂಬುವ ದಿನಗಳಲ್ಲಿ ನಮ್ಮ ಧರ್ಮಕೇಂದ್ರದ ಯುವಜನರ ಬಾಯಲ್ಲಿ ಪ್ರತಿವರ್ಷವೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಕಂಪ್ಯೂಟರ್ ಕ್ಷೇತ್ರದಲ್ಲಿ ಕೆಲಸ ಸಿಗುತ್ತದೆಯೇ? ಇಂಜಿನಿಯರಿಂಗ್ ಓದಿಸಲು ಮನೆಯಲ್ಲಿ ಹಣವಿಲ್ಲ, ಇಂಗ್ಲಿಷಿನಲ್ಲಿ ಮಾತನಾಡಲು ಅಳುಕು, ಪ್ರೋಗ್ರಾಮಿಂಗ್ ಎಂದರೆ ಭಯ. ಕೊನೆಗೆ ಹಲವರು ಆ ಆಸೆಯನ್ನೇ ಬಿಟ್ಟು, ಯಾರೋ ಕಳುಹಿಸುವ ಗಲ್ಫ್ ವೀಸಾಕ್ಕೆ ಕಾಯುತ್ತಾರೆ.

ಇಷ್ಟೆಲ್ಲ ಅಡ್ಡಿಗಳಿದ್ದರೂ ಕೆಳಗಿನ ಮೆಟ್ಟಿಲಿನಿಂದ ಹತ್ತಬಹುದಾದ ಒಂದು ಕಸುಬು ಕಂಪ್ಯೂಟರ್ ಲೋಕದಲ್ಲಿದೆ. ಅದು ನೆಟ್‌ವರ್ಕಿಂಗ್: ಒಂದು ಯಂತ್ರವನ್ನು ಇನ್ನೊಂದರೊಡನೆ ಜೋಡಿಸಿ, ಆ ಜೋಡಣೆ ಕಡಿಯದಂತೆ ಕಾಯುವ ಕೆಲಸ. ಅದನ್ನು ಹೇಗೆ ಕಲಿಯಬೇಕು ಎಂದು ಹೇಳುವ ಮೊದಲು ಅದು ಇಲ್ಲಿಯವರೆಗೆ ಬಂದ ದಾರಿಯನ್ನು ನೋಡೋಣ. ಈ ಕಸುಬಿನಲ್ಲಿ ಯಾರು ಉಳಿದರು, ಯಾರು ಹಿಂದೆ ಬಿದ್ದರು ಎಂಬುದನ್ನು ಆ ಇತಿಹಾಸವೇ ಹೇಳುತ್ತದೆ.

ಕಟ್ಟೆ ಕಡ ಶಬ್ದದ ಕಾಲ

ಭಾರತದಲ್ಲಿ ಮೊದಲ ಪ್ರಾಯೋಗಿಕ ಟೆಲಿಗ್ರಾಫ್ ತಂತಿಯನ್ನು 1850ರಲ್ಲಿ ಕಲ್ಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವೆ ಎಳೆದರು. ನಮ್ಮ ಕರಾವಳಿಯಲ್ಲಿ ರೈಲು ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ರೈಲು ಇದ್ದಲ್ಲಿ ತಂತಿಯೂ ಇರಲೇಬೇಕು. ಹಿಂದಿನ ನಿಲ್ದಾಣದಿಂದ ಗಾಡಿ ಹೊರಟಿತೇ, ಮುಂದಿನ ಹಳಿ ಖಾಲಿಯಿದೆಯೇ ಎಂದು ತಿಳಿಯದೆ ರೈಲು ಓಡಿಸುವಂತಿಲ್ಲ. ಹೀಗೆ ನಿಲ್ದಾಣದ ಮೂಲೆಯಲ್ಲಿ ಕುಳಿತು ಮೋರ್ಸ್ ಕೀಲಿ ಒತ್ತುತ್ತಿದ್ದವರೇ ಈ ಕಸುಬಿನ ಹಿರಿಯರು.

ಊರಿನವರಿಗೆ ತಂತಿ ಎಂದರೆ ಎದೆ ಢವಢವ. ಮುಂಬಯಿಗೆ ದುಡಿಯಲು ಹೋದವರ ಕಡೆಯಿಂದ ತಂತಿ ಬಂತು ಎಂದರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು ಎಂದು ಹಿರಿಯರು ಇಂದೂ ಹೇಳುತ್ತಾರೆ. ಆ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೆ ಟೆಲಿಗ್ರಾಫ್ ನೌಕರ ಮಾಡುತ್ತಿದ್ದ ಮೂರು ಕೆಲಸಗಳು ಇಂದಿಗೂ ಉಳಿದಿವೆ: ಸಂದೇಶವನ್ನು ಸಂಕೇತವಾಗಿ ಬದಲಿಸುವುದು, ಸರಿಯಾದ ದಾರಿಗೆ ದಾಟಿಸುವುದು, ದಾರಿ ಕಡಿದರೆ ಎಲ್ಲಿ ಕಡಿದಿದೆ ಎಂದು ಹುಡುಕುವುದು. ಈಗ ರೂಟರ್, ಸ್ವಿಚ್‌ಗಳ ನಡುವೆ ದುಡಿಯುವವರ ಕೆಲಸವೂ ಇದೇ.

ಈ ವಿದ್ಯೆಯ ಬೆಲೆ ಧರ್ಮಸಭೆಗೆ ಬೇಗನೆ ತಿಳಿಯಿತು. ವ್ಯಾಟಿಕನ್ ರೇಡಿಯೋ 1931ರ ಫೆಬ್ರವರಿ 12ರಂದು ಆರಂಭವಾಯಿತು. ಅದನ್ನು ಕಟ್ಟಿಕೊಟ್ಟದ್ದು ರೇಡಿಯೋ ತಂತ್ರಜ್ಞ ಮಾರ್ಕೋನಿ, ಉದ್ಘಾಟಿಸಿ ಮಾತನಾಡಿದವರು ಪೋಪ್ ಹನ್ನೊಂದನೇ ಪಿಯುಸ್. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅವರು ಮಹಾದೂತ ಗಬ್ರಿಯೇಲರನ್ನು ದೂರಸಂಪರ್ಕ ಕಾರ್ಮಿಕರ ಪಾಲಕರೆಂದು ಘೋಷಿಸಿದರು. ಮರಿಯಮ್ಮನವರಿಗೆ ಶುಭಸಂದೇಶ ತಂದ ದೂತರು ತಂತಿ ಕಂಬ ಹತ್ತುವವರಿಗೂ ಪಾಲಕರಾದರು.

ಒಂದೇ ವರ್ಷದ ಮೂರು ಹುಟ್ಟು

1984ನೇ ಇಸವಿಯನ್ನು ನೆನಪಿಟ್ಟುಕೊಳ್ಳಿ. ಆ ವರ್ಷದ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಅದೇ ವರ್ಷ ದೇಶಕ್ಕೆ ಬೇಕಾದ ಟೆಲಿಫೋನ್ ಎಕ್ಸ್‌ಚೇಂಜ್‌ಗಳನ್ನು ಇಲ್ಲೇ ರೂಪಿಸಲು ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಲಿಯೊನಾರ್ಡ್ ಬೊಸ್ಯಾಕ್ ಮತ್ತು ಸ್ಯಾಂಡಿ ಲರ್ನರ್ ಸಿಸ್ಕೋ ಕಂಪೆನಿ ಆರಂಭಿಸಿದರು.

ಸಿ-ಡಾಟ್ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕೆ ಇಳಿದದ್ದು 1986ರಲ್ಲಿ, ನಮ್ಮ ಕನ್ನಡ ನಾಡಿನ ಕಿತ್ತೂರಿನಲ್ಲಿ. ಹವಾನಿಯಂತ್ರಿತ ಕೋಣೆ ಇಲ್ಲದೆ, ಹಳ್ಳಿಯ ಸೆಖೆ ಧೂಳಿನ ನಡುವೆಯೂ ಓಡುವಂತೆ ಅದನ್ನು ಮಾಡಿದ್ದರು. ಅಂಥ ಎಕ್ಸ್‌ಚೇಂಜ್‌ಗಳು ಹಳ್ಳಿಹಳ್ಳಿಗೆ ಹಬ್ಬಿದ ಮೇಲೆ ಪೇಟೆ ಪೇಟೆಗಳಲ್ಲಿ ಎಸ್‌ಟಿಡಿ ಬೂತ್‌ಗಳು ತಲೆಯೆತ್ತಿದವು. ಕಾಸರಗೋಡಿನ 04994, ಮಂಜೇಶ್ವರ ಕುಂಬಳೆ ಕಡೆಯ 04998 ಸಂಖ್ಯೆಗಳು ಗಲ್ಫಿನಲ್ಲಿದ್ದ ಅಪ್ಪಂದಿರಿಗೆ ಬಾಯಿಪಾಠವಾಗಿದ್ದವು. ಬೂತಿನ ಮುಂದೆ ಸರದಿಗಾಗಿ ಕಾಯುತ್ತಿದ್ದವರಿಗೆ ಲೈನ್‌ಮ್ಯಾನ್ ಎಂದರೆ ದೊಡ್ಡ ಮನುಷ್ಯ. ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ಲೈನು ಹೋದರೆ ಹುಡುಕಿ ಜೋಡಿಸಬೇಕಾದವನು ಅವನೇ.

ಯಂತ್ರಗಳು ಮಾತನಾಡಲು ಕಲಿತದ್ದು

ಇಂಟರ್‌ನೆಟ್ಟಿಗೆ ದಾರಿಯಾದ ಜಾಲದಲ್ಲಿ ಕಂಪ್ಯೂಟರ್‌ಗಳ ನಡುವಿನ ಮೊದಲ ಮಾತುಕತೆ ನಡೆದದ್ದು 1969ರ ಅಕ್ಟೋಬರ್ 29ರಂದು. ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದು ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದ ಕಳುಹಿಸಲು ಹೊರಟರು. ಎರಡು ಅಕ್ಷರ ತಲುಪುವಷ್ಟರಲ್ಲಿ ಆಚೆಯ ಯಂತ್ರ ಕೆಟ್ಟು ನಿಂತಿತು. ಸರಿಪಡಿಸಿ ಮತ್ತೆ ಕಳುಹಿಸಿದರು. ಎರಡು ವರ್ಷದೊಳಗೆ, 1971ರಲ್ಲಿ, ಯಂತ್ರದಿಂದ ಯಂತ್ರಕ್ಕೆ ಕಡತ ಸಾಗಿಸುವ ನಿಯಮದ ಮೊದಲ ಕರಡನ್ನು ಬರೆದವರು ಭಾರತೀಯ, ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್.

ಆಗ ಒಂದೊಂದು ಜಾಲಕ್ಕೂ ಒಂದೊಂದು ಭಾಷೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಎಲ್ಲಕ್ಕೂ ಹೊಂದುವ ನಡುವಣ ಭಾಷೆಯೊಂದನ್ನು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದರು. ಅದರಿಂದ ಬೆಳೆದ ಟಿಸಿಪಿ/ಐಪಿ ಎಂಬ ನಿಯಮಗಳಿಗೆ ಅಮೆರಿಕದ ಜಾಲ 1983ರ ಜನವರಿ 1ರಂದು ಬದಲಾಯಿತು. ಸಪ್ತಭಾಷೆಯ ನಾಡಿನವರಾದ ನಮಗೆ ಇದು ಕಷ್ಟದ ವಿಷಯವಲ್ಲ. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಕಚೇರಿಯಲ್ಲಿ ಮಲಯಾಳಂ ಆಡುವ ಹುಡುಗಿ ದಿನವೂ ಮಾಡುವುದನ್ನೇ ರೂಟರ್ ಮಾಡುತ್ತದೆ: ಬೇರೆ ಬೇರೆ ಜಾಲಗಳ ಗಡಿಯಲ್ಲಿ ನಿಂತು ಮಾತು ದಾಟಿಸುತ್ತದೆ.

ಭಾರತದಲ್ಲಿ 1986ರಲ್ಲಿ ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಯೋಜನೆ ಆರಂಭವಾಯಿತು. ಅದರ ಎಂಟು ಪಾಲುದಾರರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅದಕ್ಕೂ ಮೊದಲು, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದ ಕಚೇರಿಯೊಡನೆ ಕೆಲಸ ಮಾಡತೊಡಗಿತ್ತು. ಮುಂದೆ ಬೆಂಗಳೂರಿನಲ್ಲಿ ಬೆಳೆದ ಸಾಫ್ಟ್‌ವೇರ್ ಉದ್ಯಮಕ್ಕೆ ಇಂಥ ಸಂಪರ್ಕವೇ ಬೆನ್ನೆಲುಬಾಯಿತು.

ಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದೇ ವರ್ಷ ಕ್ರಿಸ್‌ಮಸ್ ದಿನ ವ್ಯಾಟಿಕನ್ ತಾಣ ತೆರೆಯಿತು. ಅದನ್ನು ಕಟ್ಟಿ ನಡೆಸಿದವರು ಸಿಸ್ಟರ್ ಜುಡಿತ್ ಜೋಬೆಲೈನ್ ಎಂಬ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀ. ಅಲ್ಲಿನ ಮೂರು ಸರ್ವರ್‌ಗಳಿಗೆ ಮಹಾದೂತರಾದ ಮಿಕಾಯೇಲ್, ಗಬ್ರಿಯೇಲ್, ರಫಾಯೇಲರ ಹೆಸರಿಟ್ಟರು. ಈ ಕೆಲಸ ಹುಡುಗರದ್ದು ಮಾತ್ರ ಎನ್ನುವವರು ಈ ಸಿಸ್ಟರನ್ನು ನೆನೆಯಲಿ.

ನಮ್ಮ ಜಿಲ್ಲೆಯಲ್ಲಿ

ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು 1993ರಲ್ಲಿ ಆರಂಭವಾಯಿತು. 2001ರಲ್ಲಿ ಕೇರಳ ಸರಕಾರದ ಐಟಿ@ಸ್ಕೂಲ್ ಯೋಜನೆ ಬಂತು. ಅದೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಕನ್ನಡ ಮಾಧ್ಯಮದ ಮಕ್ಕಳಿಗೂ ಐಟಿ ಪಠ್ಯ ಕನ್ನಡದಲ್ಲೇ ಸಿಕ್ಕಿತು, ಮತ್ತು ಶಾಲೆಯ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಬಂತು. ಈ ಕೊನೆಯ ಸಂಗತಿಯ ಬೆಲೆ ನಮಗೆ ಇನ್ನೂ ಪೂರ್ತಿ ತಿಳಿದಿಲ್ಲ. ಜಗತ್ತಿನ ಬಹುಪಾಲು ಸರ್ವರ್‌ಗಳಲ್ಲಿ, ಅನೇಕ ರೂಟರ್‌ಗಳ ಒಳಗೆ ಓಡುವುದು ಲಿನಕ್ಸೇ. ದೊಡ್ಡ ನಗರದ ಹುಡುಗ ಕಾಲೇಜಿನಲ್ಲಿ ಮೊದಲ ಬಾರಿ ನೋಡುವುದನ್ನು ನಮ್ಮ ಹಳ್ಳಿಶಾಲೆಯ ಮಕ್ಕಳು ಎಂಟನೇ ತರಗತಿಯಲ್ಲೇ ಮುಟ್ಟಿದ್ದಾರೆ.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಹಳೆಯ ತಾಮ್ರದ ಟೆಲಿಫೋನ್ ತಂತಿಯ ಮೇಲೆಯೇ ಓಡಿತು. ಆಗಿನ ವೇಗ 256 ಕೆಬಿಪಿಎಸ್. ತುಲಾ ತಿಂಗಳ ಸಂಜೆ ಸಿಡಿಲು ಬಡಿದರೆ ತಂತಿಯಲ್ಲಿ ಹರಿದು ಮೋಡೆಮ್ ಸುಟ್ಟುಹೋಗುತ್ತಿತ್ತು. ಆಮೇಲೆ ಗಾಜಿನ ಎಳೆ ಬಂತು. ಫೈಬರಿನಲ್ಲಿ ಹರಿಯುವುದು ಬೆಳಕು, ಆ ಎಳೆಗೆ ವಿದ್ಯುತ್ತಿನ ಸೋಂಕಿಲ್ಲ. ಟಿವಿ ಕೇಬಲ್ ಎಳೆಯುತ್ತಿದ್ದ ಹುಡುಗರೇ ಅನೇಕ ಕಡೆ ಫೈಬರ್ ಬೆಸೆಯಲು ಕಲಿತು ಇಂಟರ್‌ನೆಟ್ ಕೊಡುವವರಾದರು. ಕಲಿಯದೆ ಉಳಿದವರ ಅಂಗಡಿ ಎಸ್‌ಟಿಡಿ ಬೂತ್‌ಗಳಂತೆಯೇ ಮುಚ್ಚಿತು.

ಜಾಲದ ನಿಜವಾದ ಬೆಲೆ ನಮಗೆ ತಿಳಿದದ್ದು 2020ರಲ್ಲಿ. ಆ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೂ ಕಾಲೇಜಿಗೂ ಮಂಗಳೂರನ್ನೇ ನೆಚ್ಚಿದ ನಮಗೆ ದಾರಿಯೇ ಇಲ್ಲದಾಯಿತು. ಪವಿತ್ರ ವಾರದ ಪೂಜೆಯನ್ನು ಮೊಬೈಲಿನಲ್ಲಿ ನೋಡಿದೆವು. ಜೂನ್ 1ರಿಂದ ವಿಕ್ಟರ್ಸ್ ಚಾನೆಲಿನಲ್ಲಿ ಪಾಠ ಆರಂಭವಾಯಿತು, ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ಸಿಗ್ನಲ್ ಸಿಗದ ಗುಡ್ಡದ ಮನೆಗಳ ಮಕ್ಕಳು ಮಾತ್ರ ಕೈಯಲ್ಲಿ ಫೋನ್ ಹಿಡಿದು ಎತ್ತರದ ಜಾಗ ಹುಡುಕಬೇಕಾಯಿತು. ಮಣ್ಣು ಹಾಕಿ ರಸ್ತೆ ಮುಚ್ಚಬಹುದು, ಲೈನು ಉಳಿದರೆ ಊರು ಉಳಿಯುತ್ತದೆ ಎಂಬುದು ಆಗ ಅನುಭವಕ್ಕೆ ಬಂತು.

2023ರ ಜೂನ್ 5ರಂದು ಉದ್ಘಾಟನೆಯಾದ ಕೆ-ಫೋನ್ ಕೆಎಸ್‌ಇಬಿಯ ಕಂಬಗಳನ್ನು ಬಳಸಿಕೊಂಡೇ ರಾಜ್ಯವಿಡೀ ಫೈಬರ್ ಎಳೆಯುವ ಯೋಜನೆ. ಸುಮಾರು 30,000 ಸರಕಾರಿ ಕಚೇರಿಗಳನ್ನು ಜೋಡಿಸುವುದು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವುದು ಅದರ ಗುರಿ. ಇಷ್ಟು ದೊಡ್ಡ ಜಾಲವನ್ನು ಕಾಯಲು ಊರೂರಲ್ಲಿ ಕೈಗಳು ಬೇಕು. ಆ ಕೈಗಳು ನಮ್ಮವೇ ಯಾಕಾಗಬಾರದು?

ಎಲ್ಲಿಂದ ಹಿಡಿಯಬೇಕು?

ಇಂದೇ ಮನೆಯಿಂದ ಹಿಡಿಯಬಹುದು. ಇಂಟರ್‌ನೆಟ್ ನಿಂತಾಗ ಕರೆ ಮಾಡುವ ಮೊದಲು ಫೈಬರ್ ಪೆಟ್ಟಿಗೆಯನ್ನು ನೋಡಿ. ಎಲ್‌ಒಎಸ್ ಎಂಬಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕು ಮನೆಗೆ ಬರುತ್ತಿಲ್ಲ, ಎಳೆ ಎಲ್ಲೋ ಕಡಿದಿದೆ ಅಥವಾ ಮಡಚಿದೆ. ದೀಪ ಸರಿಯಿದ್ದರೆ ಕಂಪ್ಯೂಟರಿನಲ್ಲಿ ಪಿಂಗ್ ಆಜ್ಞೆಯಿಂದ ಮೊದಲು ರೂಟರನ್ನು ಕರೆಯಿರಿ, ಆಮೇಲೆ ಹೊರಗಿನ 8.8.8.8 ವಿಳಾಸವನ್ನು. ಸಂಖ್ಯೆಗೆ ಉತ್ತರ ಬಂದು ತಾಣದ ಹೆಸರಿಗೆ ಬಾರದಿದ್ದರೆ ತೊಂದರೆ ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಡಿಎನ್‌ಎಸ್‌ನಲ್ಲಿದೆ. ಹತ್ತಿರದಿಂದ ದೂರಕ್ಕೆ ಒಂದೊಂದೇ ಹೆಜ್ಜೆ ಪರೀಕ್ಷಿಸುತ್ತ ಹೋಗುವ ಈ ತಾಳ್ಮೆಯೇ ಕಸುಬಿನ ಅರ್ಧಭಾಗ.

ಹತ್ತನೇ ತರಗತಿಯ ನಂತರ ಐಟಿಐಯಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಒಂದು ವರ್ಷದ ಟ್ರೇಡ್ ಇದೆ. ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ಇದೆ. ಮನೆಯಲ್ಲೇ ಕಲಿಯುವವರಿಗೆ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಉಚಿತ ಪಾಠಗಳಿವೆ. ಅದರ ಪ್ಯಾಕೆಟ್ ಟ್ರೇಸರ್ ತಂತ್ರಾಂಶದಲ್ಲಿ ಒಂದು ರೂಪಾಯಿಯ ರೂಟರ್ ಖರೀದಿಸದೆ ಇಡೀ ಕಚೇರಿಯ ಜಾಲವನ್ನು ಪರದೆಯ ಮೇಲೆ ಕಟ್ಟಿ, ಕೆಡಿಸಿ, ಸರಿಪಡಿಸಬಹುದು.

ಮೊದಲ ಕೆಲಸ ಕೇಬಲ್ ಎಳೆಯುವುದೇ ಆಗಿದ್ದರೆ ನಾಚಬೇಡಿ. ಎಂಟು ಬಣ್ಣದ ಎಳೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ತುದಿ ಕಟ್ಟುವುದು, ತಾಮ್ರದ ಕೇಬಲ್ 100 ಮೀಟರ್ ದಾಟಬಾರದೆಂದು ನೆನಪಿಡುವುದು, 125 ಮೈಕ್ರಾನ್ ದಪ್ಪದ ಗಾಜಿನ ಎಳೆಯನ್ನು ಬೆಸೆಯುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಸಂತ ಪೌಲರು ಗುಡಾರ ಹೊಲಿಯುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡೇ ಸಭೆಗಳನ್ನು ಕಟ್ಟಿದವರು. ಅವರ ಪತ್ರಗಳು ಕೈಯಿಂದ ಕೈಗೆ, ರೋಮನ್ನರ ದಾರಿಗಳಲ್ಲಿ ಸಾಗಿ ಜನರನ್ನು ಒಂದುಗೂಡಿಸಿದವು.

ಮೇಲಕ್ಕೆ ಹತ್ತುವುದು

1998ರಲ್ಲಿ ಆರಂಭವಾದ ಸಿಸಿಎನ್‌ಎ ಪರೀಕ್ಷೆ ಈ ಕಸುಬಿನ ಪರಿಚಿತ ಬಾಗಿಲು. ಅದಕ್ಕೆ ಕೂರಲು ಪದವಿ ಬೇಕೆಂದಿಲ್ಲ. ಶುಲ್ಕ 300 ಡಾಲರ್, ಅಂದರೆ ಬಡ ಮನೆಗೆ ದೊಡ್ಡ ಮೊತ್ತ. ಆದ್ದರಿಂದ ಮೊದಲು ಉಚಿತವಾಗಿ ಪೂರ್ತಿ ಕಲಿತು, ಸಿದ್ಧರಾದ ಮೇಲಷ್ಟೇ ಹಣ ಕಟ್ಟಿ. ಸಿಕ್ಕಿದ ಪ್ರಮಾಣಪತ್ರ ಮೂರು ವರ್ಷಕ್ಕೆ ಮಾತ್ರ ಸಲ್ಲುತ್ತದೆ. ಆಮೇಲೆ ಹೊಸದಾಗಿ ಕಲಿತು ತೋರಿಸಬೇಕು. ಜಾಲವನ್ನು ಹಗಲಿರುಳು ಕಾಯುವ ಕೇಂದ್ರಗಳಲ್ಲಿ ಪಾಳಿಯ ಕೆಲಸದಿಂದ ಆರಂಭಿಸಿದವರು ಮುಂದೆ ಸಿಸಿಎನ್‌ಪಿ, ಎಂಟು ಗಂಟೆಯ ಪ್ರಾಯೋಗಿಕ ಪರೀಕ್ಷೆಯಿರುವ ಸಿಸಿಐಇ ತನಕ ಹೋಗಬಹುದು. 2020ರ ಫೆಬ್ರವರಿಯಲ್ಲಿ ಸಿಸಿಎನ್‌ಎ ಪಠ್ಯ ಬದಲಾದಾಗ ಸ್ವಯಂಚಾಲನೆಯ ಭಾಗವೂ ಸೇರಿತು. ಈಗ ಪೈಥಾನ್ ಭಾಷೆ ಸ್ವಲ್ಪವಾದರೂ ಗೊತ್ತಿದ್ದರೆ ಒಳ್ಳೆಯದು. ಇಂಗ್ಲಿಷಿನ ಅಳುಕೂ ಇದರೊಂದಿಗೇ ಕರಗುತ್ತದೆ. ಬಳಸುವ ಪದಗಳು ಕೆಲವೇ ನೂರು, ದಿನವೂ ಬಳಸಿದರೆ ನಾಲಿಗೆಗೆ ಬರುತ್ತವೆ.

ಎರಡು ಎಚ್ಚರಿಕೆ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿ. ಕದ್ದ ಪ್ರಶ್ನೆಗಳ ‘ಡಂಪ್’ ಉರುಹೊಡೆದು ಪಾಸಾಗಬೇಡಿ. ಆಸ್ಪತ್ರೆಯ ಲೈನು ನಿಂತ ರಾತ್ರಿ ಆ ಕಾಗದ ನಿಮಗೆ ದಾರಿ ತೋರಿಸುವುದಿಲ್ಲ. ಜಾಲ ಕಾಯುವವರ ಕೈಯಲ್ಲಿ ಇತರರ ಮನೆಯ ಬೀಗದ ಕೈ ಇರುತ್ತದೆ. ಕಾಣಬಾರದ್ದನ್ನು ಕಾಣದಿರುವ, ಕೇಳಬಾರದ್ದನ್ನು ಕೇಳದಿರುವ ನಿಯತ್ತು ಯಾವ ಪರೀಕ್ಷೆಗಿಂತಲೂ ದೊಡ್ಡ ಅರ್ಹತೆ.

ಮೋರ್ಸ್ ಕೀಲಿ ಹೋಯಿತು, ಬೂತ್ ಹೋಯಿತು, ತಾಮ್ರವೂ ಹೋಗುತ್ತಿದೆ. ಪ್ರತಿ ಬದಲಾವಣೆಯಲ್ಲೂ ಉಳಿದವರು ಮೂಲವನ್ನು ಸರಿಯಾಗಿ ಕಲಿತು, ಹೊಸದಕ್ಕೆ ಕೈಚಾಚಿದವರು. ಮಹಾದೂತರ ಹಬ್ಬ ಸೆಪ್ಟೆಂಬರ್ 29ಕ್ಕೆ. ಅದರೊಳಗೆ ನಮ್ಮ ಯುವ ಸಂಘಟನೆಯ ಯಾರಾದರೂ ನಾಲ್ವರು ಒಟ್ಟಾಗಿ ಪ್ಯಾಕೆಟ್ ಟ್ರೇಸರ್ ತೆರೆದು, ಎರಡು ರೂಟರ್‌ಗಳ ನಡುವೆ ಮೊದಲ ಪಿಂಗ್ ದಾಟಿಸಲಿ. ಲೈನ್‌ಮ್ಯಾನ್‌ಗಳ ಪಾಲಕರಾದ ಸಂತ ಗಬ್ರಿಯೇಲರು ಅವರ ಜೊತೆಗಿರಲಿ.