ಕೊಂಡು, ಕೊಂದು, ಕೊನೆಗೆ ಕಂಡು: ಕೋಲ್ಕತ್ತಾದ ಹಕ್ಕಿನೋಟದ ಕತೆ

ಬೆಂಗಳೂರಿನಲ್ಲಿ ಹೌರಾ ರೈಲು ಹತ್ತಿದವರು ಒಂದೂವರೆ ದಿನದ ಪ್ರಯಾಣ ಮುಗಿಸಿ ಸಾಂತ್ರಾಗಾಛಿ ದಾಟುವಾಗ ಸೀಟಿನ ಕೆಳಗಿನ ಚೀಲಗಳನ್ನು ಎಳೆಯುತ್ತ, ಚಪ್ಪಲಿ ಹುಡುಕುತ್ತ ಇರುತ್ತಾರೆ. ಕಿಟಕಿಯಾಚೆ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ನನಗೂ ಮೊದಲ ಎರಡು ಸಲ ಇರಲಿಲ್ಲ. ಆ ನಿಲ್ದಾಣದ ಮಗ್ಗುಲಲ್ಲೇ ಮೂವತ್ತು ಎಕರೆ ಮೀರಿದ ಒಂದು ಕೆರೆಯಿದೆ. ಸ್ಥಳೀಯರ ಮಾತಿನಲ್ಲಿ ಅದು 'ಝೀಲ್'. ಒಂದು ಕಡೆ ರೈಲು ಹಳಿ, ಉಳಿದ ಕಡೆ ಮನೆಗಳು, ಕೊಳಚೆ, ಅಂತರಗಂಗೆ. ಚಳಿಗಾಲದಲ್ಲಿ ಅದೇ ನೀರಿನ ಮೇಲೆ ಸಾವಿರಾರು ಶಿಳ್ಳೆ ಬಾತುಗಳು ಇಳಿದಿರುತ್ತವೆ. ಬಂಗಾಳಿಗಳು ಇದನ್ನು 'ಸರಾಲ್' ಎನ್ನುತ್ತಾರೆ. ಹಿಂಡು ಒಮ್ಮೆಲೇ ಎದ್ದಾಗ ಕೇಳುವ ಶಿಳ್ಳೆಯ ಮುಂದೆ ಶಂಟಿಂಗ್ ಎಂಜಿನ್ನಿನ ಕೂಗೂ ಮಂಕು.

ಕೆರೆ ರೈಲ್ವೆಯದು, ಹಕ್ಕಿ ಯಾರದೂ ಅಲ್ಲ. ಬೇಲಿಯ ಬದಿಯಲ್ಲಿ ಬೈನಾಕ್ಯುಲರ್ ಹಿಡಿದು ನಿಂತವರಲ್ಲಿ ಬ್ಯಾಂಕಿನವರು, ಮೇಷ್ಟ್ರುಗಳು, ಕಾಲೇಜು ಹುಡುಗರು ಇರುತ್ತಾರೆ. ಇವರು ಹಕ್ಕಿಯನ್ನು ಹಿಡಿಯುವುದಿಲ್ಲ, ಹೊಡೆಯುವುದಿಲ್ಲ, ಮನೆಗೆ ಒಯ್ಯುವುದಿಲ್ಲ. ಬರೀ ನೋಡುತ್ತಾರೆ. ಈ ಊರಿನ ಮಟ್ಟಿಗೆ ಇದು ತೀರ ಹೊಸ ಚಟ ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಭಾರತದ ಪಕ್ಷಿಶಾಸ್ತ್ರ ತೊಟ್ಟಿಲಾಡಿದ್ದು ಕಲ್ಕತ್ತೆಯಲ್ಲಿ, ನಿಜ. ಆದರೆ ಇಲ್ಲಿನವರು ನೂರೈವತ್ತು ವರ್ಷ ಹಕ್ಕಿಯನ್ನು ಹೆಚ್ಚಾಗಿ ಕೊಂಡು ನೋಡಿದರು, ಕೊಂದು ನೋಡಿದರು. ಸುಮ್ಮನೆ ನಿಂತು ಕಂಡದ್ದು ಕೊನೆಗೆ.

ಕೊಂಡು ನೋಡಿದವರಲ್ಲಿ ಮೊದಲ ಹೆಸರು ಮೇರಿ ಇಂಪಿ. ಫೋರ್ಟ್ ವಿಲಿಯಂನ ಸುಪ್ರೀಂ ಕೋರ್ಟಿಗೆ ಮೊದಲ ಮುಖ್ಯ ನ್ಯಾಯಾಧೀಶನಾಗಿ ಬಂದ ಎಲೈಜಾ ಇಂಪಿಯ ಹೆಂಡತಿ. ಬಂಗಲೆಯ ತೋಟದಲ್ಲಿ ಹಕ್ಕಿ, ಪ್ರಾಣಿಗಳನ್ನು ಸಾಕಿದ್ದಳು. 1777ರಿಂದ ಅವುಗಳ ಚಿತ್ರ ಬರೆಯಲು ಪಟ್ನಾ ಮೂಲದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಕಲಾವಿದರನ್ನು ನೇಮಿಸಿಕೊಂಡಳು. ಮೊಘಲ್ ಕುಂಚದಲ್ಲಿ ಪಳಗಿದ ಕೈಗಳು ಇಂಗ್ಲಿಷ್ ಕಾಗದದ ಮೇಲೆ ಮುನ್ನೂರಕ್ಕೂ ಹೆಚ್ಚು ಚಿತ್ರ ಬರೆದವು, ಬಹುಪಾಲು ಹಕ್ಕಿಗಳವೇ. ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಲೇಥಮ್ ಆ ಚಿತ್ರಗಳನ್ನು ನೋಡಿಯೇ ಕೆಲವು ಹಕ್ಕಿಗಳನ್ನು ವಿಜ್ಞಾನಕ್ಕೆ ಪರಿಚಯಿಸಿದ. ಹಿಮಾಲಯದ ಮೊನಾಲ್ ಕೋಳಿಯ ಶಾಸ್ತ್ರೀಯ ಹೆಸರಿನಲ್ಲಿ ಇಂಪಿಯ ಹೆಸರಿದೆ. ಜೈನುದ್ದೀನನ ಹೆಸರು ಯಾವ ಹಕ್ಕಿಗೂ ಬರಲಿಲ್ಲ.

ಮುಂದಿನ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ರಾಗಿ ಬೆಲೆಯಿಂದ ಕಬ್ಬಿಣದ ಕುಲುಮೆಯವರೆಗೆ ಬರೆದಿಟ್ಟ ಫ್ರಾನ್ಸಿಸ್ ಬುಕನನ್ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಎಲ್ಲೆಲ್ಲೂ ಇಣುಕುತ್ತಾನೆ. ಅವನನ್ನು ಮೈಸೂರಿಗೆ ಕಳಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯೇ ಕಲ್ಕತ್ತೆಯ ಉತ್ತರಕ್ಕೆ ಬ್ಯಾರಕ್‌ಪುರದಲ್ಲಿ ಪ್ರಾಣಿಸಂಗ್ರಹಾಲಯ ಕಟ್ಟಿದ. 1804ರಲ್ಲಿ ಅದರ ಉಸ್ತುವಾರಿ ಬುಕನನ್ ಕೈಗೆ ಬಂತು. ಬಂದ ಪ್ರಾಣಿಪಕ್ಷಿಗಳ ಚಿತ್ರ ಬರೆಸುವುದು, ವಿವರ ಬರೆಯುವುದು ಕೆಲಸ. ವೆಲ್ಲೆಸ್ಲಿ ಮರುವರ್ಷ ಊರಿಗೆ ಹೊರಟ, ಬುಕನನ್ನನೂ ಜೊತೆಗೆ ಹೋದ. ಸಾಹೇಬರ ಉತ್ಸಾಹ ಸಾಹೇಬರ ಜೊತೆಗೇ ಹಡಗು ಹತ್ತುವುದು ಅಂದಿನ ರೂಢಿ.

ಸ್ವಲ್ಪ ನಿಂತದ್ದೆಂದರೆ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ, 1814ರದ್ದು. 1841ರಲ್ಲಿ ಅದರ ಕ್ಯುರೇಟರ್ ಆಗಿ ಬಂದ ಎಡ್ವರ್ಡ್ ಬ್ಲೈತ್ ಇಪ್ಪತ್ತೊಂದು ವರ್ಷ ಅಲ್ಲೇ ಸವೆದ. ಸಂಬಳ ಇಪ್ಪತ್ತು ವರ್ಷವಾದರೂ ಏರಲಿಲ್ಲ. ಊರಾಚೆ ಕಾಡಿಗೆ ಹೋಗಲು ಬಿಡುವಿರಲಿಲ್ಲ. ಬೇರೆಯವರು ಹೊಡೆದು ಕಳಿಸಿದ ಚರ್ಮಗಳನ್ನು ಮೇಜಿನ ಮೇಲೆ ಹರಡಿ, ಒಂದರ ಪಕ್ಕ ಒಂದಿಟ್ಟು ಅಳೆಯುತ್ತಿದ್ದ. ಆ ಮೇಜಿನಿಂದಲೇ ಅವನ 1849ರ ಪಕ್ಷಿಸೂಚಿ ಹೊರಟಿತು. ಡಾರ್ವಿನ್ನನ ಜೊತೆ ಪತ್ರವ್ಯವಹಾರ ನಡೆಯಿತು. ಚಳಿಗಾಲದಲ್ಲಿ ಬೆಂಗಳೂರಿನ ದಾಸವಾಳದ ಪೊದೆಯೊಳಗೆ 'ಚಕ್ ಚಕ್' ಎನ್ನುತ್ತ ಮುಖ ತೋರಿಸದೆ ಸತಾಯಿಸುವ ಪುಟ್ಟ ಕಂದು ಉಲಿಯಕ್ಕಿಗೆ ಅವನದೇ ಹೆಸರು. ದಕ್ಷಿಣದಲ್ಲಿ ನೆಲ್ಲೂರು, ನೀಲಗಿರಿ, ತಲಶ್ಶೇರಿಗಳಲ್ಲಿ ಹಕ್ಕಿ ಹುಡುಕಿದ ವೈದ್ಯ ಜೆರ್ಡನ್ ತನ್ನ 'ಬರ್ಡ್ಸ್ ಆಫ್ ಇಂಡಿಯಾ' ಸಂಪುಟಗಳನ್ನು 1862ರಿಂದ 1864ರ ನಡುವೆ ಅಚ್ಚು ಮಾಡಿಸಿದ್ದೂ ಕಲ್ಕತ್ತೆಯಲ್ಲಿ. ಮುಂದೆ ಕಾಂಗ್ರೆಸ್ ಸ್ಥಾಪನೆಯಿಂದ ಹೆಸರಾದ ಎ. ಓ. ಹ್ಯೂಮ್ ಹಕ್ಕಿಗಳಿಗೆಂದೇ ಹೊರಡಿಸಿದ 'ಸ್ಟ್ರೇ ಫೆದರ್ಸ್' ಪತ್ರಿಕೆಯೂ ಇಲ್ಲಿಂದಲೇ ಹೊರಬಂತು. ಹಕ್ಕಿ ಎಲ್ಲಿಯದಾದರೂ ಆಗಲಿ, ಅಕ್ಷರ ಕಲ್ಕತ್ತೆಯದು.

ಮ್ಯೂಸಿಯಂನಷ್ಟೇ ಮುಖ್ಯವಾದ ಇನ್ನೊಂದು ಜಾಗ ಮಾರುಕಟ್ಟೆ. ಚಳಿಗಾಲದಲ್ಲಿ ಬೇಟೆಗಾರರು ಬುಟ್ಟಿಗಟ್ಟಲೆ ಬಾತು ತಂದು ಸುರಿಯುತ್ತಿದ್ದರು. ಇಂಡಿಯನ್ ಮ್ಯೂಸಿಯಂನಲ್ಲಿದ್ದ ಫ್ರ್ಯಾಂಕ್ ಫಿನ್ ಅವುಗಳನ್ನು ಕೆದಕಿ ನೋಡಿಯೇ ಭಾರತದ ಬಾತುಗಳನ್ನು ಗುರುತಿಸುವ ಕೈಪಿಡಿ ಬರೆದ. ಗುಲಾಬಿ ತಲೆಯ ಬಾತು ಎಂಬ ಅಪರೂಪದ್ದೂ ಅಲ್ಲಿ ಮಾರಾಟಕ್ಕೆ ಬರುತ್ತಿತ್ತು. ಕಿಡ್ ಸ್ಟ್ರೀಟಿನ ಶ್ರೀಮಂತ ಯಹೂದಿ ವ್ಯಾಪಾರಿ ಡೇವಿಡ್ ಎಜ್ರಾ ಅದನ್ನು ತನ್ನ ಪಂಜರಗಳಲ್ಲಿ ಸಾಕಿದ್ದ. ಕಾಡಿನಲ್ಲಿ ಅದು ಖಚಿತವಾಗಿ ಕಂಡ ಕೊನೆಯ ದಾಖಲೆ 1935ರದು, ದರ್ಭಾಂಗಾದ್ದು. ಎಂಥ ಹಕ್ಕಿಯನ್ನು ತೂಗಿ ಮಾರುತ್ತಿದ್ದೇವೆಂದು ಅಂಗಡಿಯವನಿಗೆ ತಿಳಿದಿರಲಿಕ್ಕಿಲ್ಲ. ತಿಳಿದ ಸಾಹೇಬರೂ ಕೊಂಡರೇ ಹೊರತು ಬಿಡಿಸಲಿಲ್ಲ.

ಫಿನ್ನನನ್ನು ನಾನು ಇಷ್ಟಪಡುವುದು ಬಾತಿನ ಪುಸ್ತಕಕ್ಕಲ್ಲ, 1901ರ 'ಬರ್ಡ್ಸ್ ಆಫ್ ಕಲ್ಕಟಾ' ಎಂಬ ಸಣ್ಣ ಹೊತ್ತಗೆಗೆ. ಅಪರೂಪದ್ದಕ್ಕೆ ಬೆನ್ನು ಹತ್ತದೆ ಕಾಗೆ, ಮೈನಾ, ಗುಬ್ಬಿಯಂಥ ಊರಹಕ್ಕಿಗಳ ಬಗ್ಗೆ ಹರಟೆಯ ಧಾಟಿಯಲ್ಲಿ ಬರೆದ. ಬದುಕಿರುವ ಹಕ್ಕಿ, ಅದೂ ದಿನನಿತ್ಯದ ಹಕ್ಕಿ, ಪುಸ್ತಕಕ್ಕೆ ಯೋಗ್ಯ ಎಂಬ ನಂಬಿಕೆ ಅಲ್ಲಿದೆ.

ಈ ಊರಹಕ್ಕಿಗಳಲ್ಲೆಲ್ಲ ದೊಡ್ಡದು ಹಾಡ್‌ಗಿಲಾ. ಬಂಗಾಳಿಯಲ್ಲಿ 'ಹಾಡ್' ಎಂದರೆ ಎಲುಬು. ಎಲುಬು ನುಂಗುವ ಹಕ್ಕಿ. ನಾಲ್ಕೂವರೆ ಅಡಿ ಮೀರಿದ ಎತ್ತರ, ಬೋಳು ತಲೆ, ಕೊರಳಿಂದ ಜೋಲುವ ಚರ್ಮದ ಚೀಲ, ಕವಾಯತಿನ ನಡಿಗೆ. ಆ ನಡಿಗೆ ಕಂಡೇ ಇಂಗ್ಲಿಷರು 'ಅಡ್ಜುಟೆಂಟ್' ಎಂದು ಸೈನ್ಯದ ಹುದ್ದೆ ಕೊಟ್ಟರು. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ಚಿತ್ರಗಳಲ್ಲಿ ಗವರ್ನರ್ ಜನರಲ್‌ನ ಮನೆಯ ಮಾಡಿನ ಮೇಲೆ ಇವು ಕಾವಲುಗಾರರಂತೆ ನಿಂತಿರುತ್ತವೆ. ಬೀದಿಗೆ ಬಿದ್ದ ಸತ್ತ ಪ್ರಾಣಿ, ಕಸಾಯಿಖಾನೆಯ ಎಲುಬು, ಅಡುಗೆಮನೆಯ ಕಸ ಎಲ್ಲವೂ ಅವುಗಳ ಪಾಲು. ಊರು ಚೊಕ್ಕಟವಾಗಿಡುವ ಇವನ್ನು ಕೊಂದರೆ 50 ರೂಪಾಯಿ ದಂಡವಿತ್ತು. ಅಂದಿನ 50 ರೂಪಾಯಿ ಎಂದರೆ ಸಾಮಾನ್ಯದ್ದಲ್ಲ. ಇಲ್ಲಿ ಹಕ್ಕಿಗೆ ರಕ್ಷಣೆ ಸಿಕ್ಕಿದ್ದು ಕರುಣೆಯಿಂದಲ್ಲ, ಪೌರಕಾರ್ಮಿಕನ ಲೆಕ್ಕದಲ್ಲಿ.

ಆಮೇಲೆ ಒಳಚರಂಡಿ ಬಂತು, ಕಸದ ವಿಲೇವಾರಿ ಬಂತು. ಬರ್ಮಾದಲ್ಲಿದ್ದ ಅವುಗಳ ದೊಡ್ಡ ಗೂಡುನೆಲೆಗಳೂ ಹಾಳಾದವು. ಕಲ್ಕತ್ತೆಯ ನಗರಸಭೆ 1896ರಲ್ಲಿ ಪಡೆದ ಲಾಂಛನದಲ್ಲಿ ಎರಡು ಹಾಡ್‌ಗಿಲಾಗಳು ಕೊಕ್ಕಿನಲ್ಲಿ ಹಾವು ಹಿಡಿದು ಗುರಾಣಿಯ ಎರಡೂ ಬದಿಗೆ ನಿಂತವು. ಅಷ್ಟು ಹೊತ್ತಿಗೆ ನಿಜವಾದವು ಬೀದಿಯಿಂದ ಕರಗತೊಡಗಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಲ್ಲವೇ ಆದವು. ಇಂದು ಅದನ್ನು ನೋಡಬೇಕಾದರೆ ಅಸ್ಸಾಮಿಗೋ ಬಿಹಾರದ ಭಾಗಲ್ಪುರದ ಕಡೆಗೋ ಹೋಗಬೇಕು.

ಬಂಗಾಳಿಗಳು ತಮ್ಮ ಭಾಷೆಯಲ್ಲಿ ಹಕ್ಕಿಯ ಬಗ್ಗೆ ಬರೆಯಲು ತೊಡಗಿದ ಮೇಲೆ ಕತೆಗೆ ಬೇರೆ ರುಚಿ ಬಂತು. ಸತ್ಯಚರಣ ಲಾಹಾ (1888–1984) ದೊಡ್ಡ ಜಮೀನ್ದಾರಿ ಮನೆತನದವರು. ಅಗರ್‌ಪಾರಾದ ತೋಟದಲ್ಲಿ ಹಕ್ಕಿಮನೆ ಕಟ್ಟಿಸಿ ಸಾಕಿದರು, ಸಾಕುತ್ತಲೇ ನೋಡಿದರು, 1923ರಲ್ಲಿ ಬಂಗಾಳದ ಸಾಕುಹಕ್ಕಿಗಳ ಮೇಲೆ ಇಂಗ್ಲಿಷ್ ಪುಸ್ತಕ ತಂದರು. 1924ರಲ್ಲಿ 'ಪ್ರಕೃತಿ' ಎಂಬ ಬಂಗಾಳಿ ಪತ್ರಿಕೆ ಹೊರಡಿಸಿದರು. ಕಾಳಿದಾಸನ ಕಾವ್ಯದಲ್ಲಿ ಬರುವ ಹಕ್ಕಿಗಳು ಯಾವುವು ಎಂದು ಒಂದೊಂದಾಗಿ ಪತ್ತೆ ಮಾಡಿ 'ಕಾಲಿದಾಸೇರ್ ಪಾಖಿ' ಬರೆದರು. ಪಂಜರದಿಂದ ಶುರುವಾದರೂ ಇವರ ನೋಟ ಪಂಜರದೊಳಗೆ ಉಳಿಯಲಿಲ್ಲ. ಮುಂದೆ ಅಜಯ್ ಹೋಮ್ ಅವರ 'ಬಾಂಗ್ಲಾರ್ ಪಾಖಿ' ನಮ್ಮಲ್ಲಿ ತೇಜಸ್ವಿಯವರ ಹಕ್ಕಿ ಪುಸ್ತಕಗಳು ಮಾಡಿದ ಕೆಲಸವನ್ನು ಅಲ್ಲಿ ಮಾಡಿತು: ಇಂಗ್ಲಿಷ್ ಬಾರದವರ ಕೈಗೂ ಹಕ್ಕಿಯ ಹೆಸರು ಕೊಟ್ಟಿತು.

ಸರಕಾರಿ ವಿಜ್ಞಾನದ ಕತೆ ಬೇಗ ಹೇಳಿ ಮುಗಿಸಬಹುದು. 1916ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಹುಟ್ಟಿತು. ಅಲ್ಲಿ ಪಕ್ಷಿತಜ್ಞನ ಹುದ್ದೆಗೆ ಸಲೀಂ ಅಲಿ ಪ್ರಯತ್ನಿಸಿದ್ದರು; ಕಾಲೇಜು ಪದವಿ ಇಲ್ಲವೆಂದು ಸಿಗಲಿಲ್ಲ. ಸಿಕ್ಕಿದ್ದರೆ ಕಡತಗಳ ನಡುವೆ ಏನಾಗುತ್ತಿದ್ದರೋ. ಬಹುಶಃ 1940ರಲ್ಲಿ ಮೈಸೂರು ಅರಸರಿಗೆ ರಂಗನತಿಟ್ಟಿನ ಬಗ್ಗೆ ಹೇಳಲು ಬೇರೆ ಯಾರಾದರೂ ಬೇಕಾಗುತ್ತಿತ್ತು. ಅದೇ ಸಂಸ್ಥೆಯಲ್ಲಿ ನಂತರ ದುಡಿದ ವಿಶ್ವಮಯ ಬಿಸ್ವಾಸ್ ನೇಪಾಳದ ಹಕ್ಕಿಗಳ ಮೇಲೆ ಗಟ್ಟಿ ಕೆಲಸ ಮಾಡಿದರು. ನಾಮದಾಫಾದ ಒಂದು ಹಾರುವ ಅಳಿಲಿನ ಶಾಸ್ತ್ರೀಯ ಹೆಸರು ಅವರ ನೆನಪಿಗೆ ಇಟ್ಟದ್ದು.

ನೋಡುವವರು ಹೆಚ್ಚಿದ ಕಾಲಕ್ಕೇ ನೋಡುವ ಜಾಗ ಕಡಿಮೆಯಾಯಿತು. ನಗರದ ಪೂರ್ವಕ್ಕಿದ್ದ ಉಪ್ಪುನೀರಿನ ಜೌಗನ್ನು 1960ರ ದಶಕದಲ್ಲಿ ಹೂಗ್ಲಿಯ ಮರಳಿನಿಂದ ತುಂಬಿ ಸಾಲ್ಟ್ ಲೇಕ್ ಬಡಾವಣೆ ಎಬ್ಬಿಸಿದರು. ಅದೇ ಜೌಗಿನ ಒಂದು ಮುಂಗುಸಿಯನ್ನು ಹೊಸ ಪ್ರಭೇದವೆಂದು ವಿವರಿಸಿದ ಲೇಖನ ಬಂದದ್ದು 1965ರಲ್ಲಿ. ಅದು ನಿಜಕ್ಕೂ ಬೇರೆ ಪ್ರಭೇದವೇ ಎಂಬ ಚರ್ಚೆ ಮುಂದುವರಿಯಿತು. ಜೌಗು ಮುಂದುವರಿಯಲಿಲ್ಲ.

ಉಳಿದ ಭಾಗ ಉಳಿದದ್ದು ಕೊಳಚೆಯ ದೆಸೆಯಿಂದ. ಕೋಲ್ಕತ್ತಾದ ನೆಲ ನದಿಯ ಕಡೆಗಲ್ಲ, ನದಿಗೆ ಬೆನ್ನು ಮಾಡಿ ಪೂರ್ವಕ್ಕೆ ಇಳಿಯುತ್ತದೆ. ಊರಿನ ಚರಂಡಿ ನೀರು ಆ ದಿಕ್ಕಿಗೇ ಹರಿದು 'ಭೇರಿ' ಎಂಬ ಆಳವಿಲ್ಲದ ಮೀನುಕೆರೆಗಳಿಗೆ ಸೇರುತ್ತದೆ. ಬಿಸಿಲು ಬೀಳುತ್ತದೆ, ಪಾಚಿ ಬೆಳೆಯುತ್ತದೆ, ಪಾಚಿಯನ್ನು ಮೀನು ತಿನ್ನುತ್ತದೆ. ಆ ಹೊತ್ತಿಗೆ ನೀರೂ ತಿಳಿಯಾಗುತ್ತದೆ. ಮೀನು ನಗರದ ತಟ್ಟೆಗೆ, ಪಕ್ಕದ ಧಾಪಾದ ಕಸದ ಗದ್ದೆಗಳ ತರಕಾರಿಯೂ ಅದೇ ತಟ್ಟೆಗೆ. ನೈರ್ಮಲ್ಯ ಎಂಜಿನಿಯರ್ ಧ್ರುವಜ್ಯೋತಿ ಘೋಷ್ (1947–2018), ನಗರದ ಕೊಳಚೆ ಎಲ್ಲಿ ಹೋಗುತ್ತದೆಂದು ಹುಡುಕುತ್ತ ನಡೆದೇ ಈ ವ್ಯವಸ್ಥೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು. ಮೀನುಗಾರರು ಬಿ.ಎ. ಎಂ.ಎ. ಇಲ್ಲದೆ ನಡೆಸುತ್ತಿದ್ದ ವಿಜ್ಞಾನ ಇದು ಎಂಬುದು ಅವರ ವಾದದ ತಿರುಳು. 1992ರಲ್ಲಿ ಒಂದು ನಾಗರಿಕ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಕಲ್ಕತ್ತಾ ಹೈಕೋರ್ಟ್ ಜೌಗಿನ ಪರ ತೀರ್ಪಿತ್ತಿತು. 2002ರ ಆಗಸ್ಟ್‌ನಲ್ಲಿ 12,500 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು. 2006ರಲ್ಲಿ ಅದಕ್ಕೆಂದೇ ಕಾಯ್ದೆ ಬಂತು. ಆದರೂ ಅಂಚಿನಲ್ಲಿ ಮಣ್ಣು ಬೀಳುವುದು ನಿಂತಿಲ್ಲ.

ಭೇರಿಯ ಏರಿಯ ಮೇಲೆ ಬೆಳಿಗ್ಗೆ ನಡೆದರೆ ನೀರುಕಾಗೆ, ದೇವನಕ್ಕಿ, ಕೊಳದ ಬಕ, ಮೂರು ಬಗೆಯ ಮಿಂಚುಳ್ಳಿ ಸಲೀಸಾಗಿ ಕಾಣುತ್ತವೆ. ಮಿಂಚುಳ್ಳಿಗಳಲ್ಲಿ ಬಿಳಿ ಎದೆಯದು ಪಶ್ಚಿಮ ಬಂಗಾಳದ ರಾಜ್ಯಪಕ್ಷಿ. ರಾಜ್ಯಪ್ರಾಣಿ ಮೀನುಬೆಕ್ಕು, ಅದು ಹೌರಾ ಕಡೆಯ ಜೊಂಡಿನಲ್ಲಿ ಇನ್ನೂ ಇದೆ, ರಾತ್ರಿಯ ಸಂಚಾರಿಯಾದ್ದರಿಂದ ಹೆಜ್ಜೆಗುರುತು ಸಿಕ್ಕರೆ ಪುಣ್ಯ. ಆದರೆ ಮೀನು ಸಾಕುವವನ ಕಣ್ಣಿಗೆ ನೀರುಕಾಗೆ ಕಳ್ಳನೇ. ಅವನನ್ನು ಬೈನಾಕ್ಯುಲರ್ ಹಿಡಿದ ನಾವು ದೂರುವುದು ಸುಲಭ, ನಷ್ಟ ನಮ್ಮದಲ್ಲವಲ್ಲ.

ದಕ್ಷಿಣಕ್ಕೆ, ನರೇಂದ್ರಪುರದ ಬಳಿ, ಒಂದು ಹಳೆಯ ಹಣ್ಣಿನ ತೋಟವಿದೆ. ಜನರ ಬಾಯಲ್ಲಿ 'ಕಯಾಲೇರ್ ಬಾಗಾನ್'. ಅದನ್ನು ಉಳಿಸಲು ಹೆಣಗಿದವರು ಪಕ್ಷಿತಜ್ಞರಲ್ಲ, ಶಿಲ್ಪಿ ಚಿಂತಾಮಣಿ ಕರ್. ಅವರು 2005ರಲ್ಲಿ ತೀರಿಕೊಂಡ ಮೇಲೆ ಅಭಯಾರಣ್ಯಕ್ಕೆ ಅವರದೇ ಹೆಸರಿಟ್ಟರು. ಬರೀ 17 ಎಕರೆ. ಬಂಡೀಪುರ ಕಂಡವರಿಗೆ ನಗು ಬರಬಹುದು. ಮಳೆಗೆ ಮುಂಚೆ ನವರಂಗ ಬಂದಿಳಿಯುವ ದಿನಗಳಲ್ಲಿ ಅಲ್ಲಿಗೆ ಹೋಗಿ ನೋಡಿ, ನಗು ನಿಲ್ಲುತ್ತದೆ.

ನಡಿಗೆಯ ಸಂಸ್ಕೃತಿ ಬೆಳೆದದ್ದು ಸಂಘಗಳಿಂದ. ಬೆಂಗಳೂರಿನಲ್ಲಿ ಜೋಸೆಫ್ ಜಾರ್ಜ್ ಮತ್ತು ಗೆಳೆಯರು 1970ರ ದಶಕದಲ್ಲಿ ಲಾಲ್‌ಬಾಗಿನ ನಡಿಗೆಗಳನ್ನು ರೂಢಿಸಿದಂತೆ ಇಲ್ಲಿ 'ಪ್ರಕೃತಿ ಸಂಸದ್'ನಂಥ ಬಳಗಗಳು ನೀರುಹಕ್ಕಿ ಎಣಿಕೆಗೆ ಜನರನ್ನು ಕೂಡಿಸಿದವು. ಸಾಂತ್ರಾಗಾಛಿಯಲ್ಲಿ ಪ್ರತಿ ಚಳಿಗಾಲಕ್ಕೆ ಮುಂಚೆ ಅಂತರಗಂಗೆ ತೆಗೆಯುವಾಗ ಅದನ್ನು ಪೂರ್ತಿ ಬಳಿದು ಹಾಕದೆ, ಬಾತುಗಳು ಕೂರಲು ನಡುನಡುವೆ ತೇಲುವ ನಡುಗಡ್ಡೆಗಳನ್ನು ಉಳಿಸುತ್ತಾರೆ. ಪೂರ್ತಿ ಬಿಟ್ಟರೆ ನೀರು ಕಾಣದು, ಪೂರ್ತಿ ತೆಗೆದರೆ ನೆಲೆ ಸಿಗದು. ಎಷ್ಟು ತೆಗೆಯಬೇಕೆಂಬ ಹದ ಯಾವ ಗ್ರಂಥದಲ್ಲೂ ಇಲ್ಲ.

ಕಳೆದ ಎರಡು ದಶಕಗಳಲ್ಲಿ ಡಿಜಿಟಲ್ ಕ್ಯಾಮೆರಾ ಬಂದು ಚಟದ ಮುಖವೇ ಬದಲಾಯಿತು. ಉದ್ದ ಲೆನ್ಸಿನವರು ಹೆಚ್ಚಿದರು, ನೋಟ್‌ಬುಕ್ಕಿನವರು ಕಡಿಮೆಯಾದರು. ಫೋಟೊ ಸಿಕ್ಕ ಕೂಡಲೇ ಹಕ್ಕಿಗೆ ಬೆನ್ನು ತಿರುಗಿಸುವವರನ್ನು ಕಂಡರೆ ನನಗೆ ಬ್ಲೈತನ ಮೇಜೇ ನೆನಪಾಗುತ್ತದೆ. ಚರ್ಮದ ಬದಲು ಚಿತ್ರ, ಅಷ್ಟೇ. ಇನ್ನೊಂದು ಕಡೆ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಬರೆಯುವವರೂ ಹುಟ್ಟಿಕೊಂಡರು. 2023ರ ಫೆಬ್ರವರಿಯ ಹಿತ್ತಲ ಹಕ್ಕಿ ಎಣಿಕೆಯಲ್ಲಿ 489 ಪ್ರಭೇದ ದಾಖಲಿಸಿ ಪಶ್ಚಿಮ ಬಂಗಾಳ ದೇಶದಲ್ಲೇ ಮುಂದಿತ್ತು. ಅದರಲ್ಲಿ ಡಾರ್ಜಿಲಿಂಗಿನ ಬೆಟ್ಟಗಳದ್ದು ದೊಡ್ಡ ಪಾಲು, ನಗರದ್ದು ಸಣ್ಣದು. ಆದರೆ ಮೈಸೂರಿನ ಹವ್ಯಾಸಿಗಳು 2014ರಿಂದ 2016ರವರೆಗೆ ಊರನ್ನು ಚೌಕಗಳಾಗಿ ಹಂಚಿಕೊಂಡು ಪಕ್ಷಿ ನಕ್ಷೆ ಮಾಡಿದರಲ್ಲ, ಅಂಥ ಶಿಸ್ತಿನ ಮುಂದೆ ಒಂದು ವಾರಾಂತ್ಯದ ಸಂಖ್ಯೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಕೊಂಡು ನೋಡುವುದು ನಿಂತಿತೇ? 1990ರ ದಶಕದ ಆರಂಭದಿಂದ ಭಾರತದ ಕಾಡುಹಕ್ಕಿಗಳ ವ್ಯಾಪಾರ ನಿಷಿದ್ಧ. ಹಾತಿಬಾಗಾನದ ಹೆಸರಾಂತ ಹಕ್ಕಿಸಂತೆ ಗ್ಯಾಲಿಫ್ ಸ್ಟ್ರೀಟಿಗೆ ಜಾಗ ಬದಲಿಸಿ ಇಂದಿಗೂ ಭಾನುವಾರ ನಡೆಯುತ್ತದೆ. ವಿದೇಶಿ ಹಕ್ಕಿಗಳ ಪಂಜರದ ಹಿಂದೆ ಗಿಣಿ, ಮೈನಾಗಳು ಅಡಗಿರುವುದುಂಟು, ದಾಳಿಗಳೂ ಆಗುತ್ತಿರುತ್ತವೆ.

ಕೋಲ್ಕತ್ತಾಗೆ ಹೋಗುವವರಿಗೆ ಒಂದು ಮಾತು. ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದೊಳಗೆ ಹೋಗಿ. ಬೆಳಿಗ್ಗೆ ಸಾಂತ್ರಾಗಾಛಿ, ಮಧ್ಯಾಹ್ನ ಇಂಡಿಯನ್ ಮ್ಯೂಸಿಯಂನ ಹಕ್ಕಿಗಳ ಕೋಣೆ. ಕಂಡದ್ದನ್ನು ಜಾಗ, ದಿನಾಂಕದ ಸಮೇತ ಬರೆದಿಡಿ. ಪಟ್ಟಿಯಿಂದ ಕಾಗೆಯನ್ನು ಬಿಡಬೇಡಿ.